ಸೈಡು ಕೊಡುವುದು, ಸೈಡು ಹೊಡೆಯುವುದು: ರ‍್ಯಾಲಿ ಮತ್ತು ಟ್ರ್ಯಾಕ್‌ಗೆ ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಹಾಸನದ ಕಡೆಯಿಂದ ಮೋಟಾರು ಸ್ಪರ್ಧೆಗೆ ಬರುವವರಿಗೆ ಗಾಡಿ ಓಡಿಸುವುದನ್ನು ಹೊಸದಾಗಿ ಕಲಿಸಬೇಕಾದದ್ದು ಕಡಿಮೆ. ತೋಟದ ಮಣ್ಣು ರಸ್ತೆಯಲ್ಲಿ ಜೀಪು ಹತ್ತಿಸಿ ಇಳಿಸಿ ಕೈ ಪಳಗಿರುತ್ತದೆ. ತೊಂದರೆಯಾಗುವುದು ಪಕ್ಕದಲ್ಲಿ ಇನ್ನೊಂದು ಕಾರು ಬಂದಾಗ. ಆಗ ಯಾರು ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದಕ್ಕೆ ಇಲ್ಲಿ ಉತ್ತರಗಳಿವೆ. ಪ್ರತಿ ಸ್ಪರ್ಧೆಗೂ ಅದರದೇ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ಪುಸ್ತಿಕೆ ಇರುತ್ತದೆ. ಎಲ್ಲರೂ ಅದನ್ನು ಎಸ್‌ಆರ್ ಎನ್ನುತ್ತಾರೆ. ಇಲ್ಲಿ ಓದಿದ್ದಕ್ಕೂ ಎಸ್‌ಆರ್‌ಗೂ ವ್ಯತ್ಯಾಸ ಕಂಡರೆ ಎಸ್‌ಆರ್ ಹೇಳಿದ್ದೇ ಅಂತಿಮ.

ರ‍್ಯಾಲಿಯಲ್ಲಿ ಒಂದೊಂದೇ ಕಾರು ಬಿಡುತ್ತಾರಲ್ಲ, ಅಲ್ಲಿ ಓವರ್‌ಟೇಕ್ ಎಲ್ಲಿಂದ ಬಂತು?

ಲೆಕ್ಕ ಹಾಕಿ ನೋಡಿ. ಕಾರುಗಳನ್ನು ಒಂದು ನಿಮಿಷದ ಅಂತರದಲ್ಲಿ ಬಿಡುತ್ತಾರೆ ಎಂದುಕೊಳ್ಳೋಣ. ಸ್ಟೇಜಿನ (ಬೇರೆ ವಾಹನ ಬಿಡದೆ ಸಮಯ ಅಳೆದು ಓಡಿಸುವ ರಸ್ತೆಯ) ಉದ್ದ 12 ಕಿ.ಮೀ. ನೀವು ಮುಂದಿನವರಿಗಿಂತ ಕಿಲೋಮೀಟರಿಗೆ 5 ಸೆಕೆಂಡು ಬೇಗ ಇದ್ದರೆ ಸಾಕು, ಸ್ಟೇಜು ಮುಗಿಯುವ ಹೊತ್ತಿಗೆ ಅವರ ಬಂಪರ್ ಹಿಂದೆ ಇರುತ್ತೀರಿ. ಹೊಸಬರ ಗುಂಪಿನಲ್ಲಿ ಕಿಲೋಮೀಟರಿಗೆ 5 ಸೆಕೆಂಡು ದೊಡ್ಡ ಅಂತರವೇನಲ್ಲ. ಇನ್ನು ಮುಂದಿನವರ ಟೈರು ಪಂಕ್ಚರ್ ಆದರೆ, ಒಂದು ತಿರುವಿನಲ್ಲಿ ಹೊರಗೆ ಹೋಗಿ ವಾಪಸ್ ಹತ್ತಿದರೆ, ಗೇರು ಸಿಕ್ಕಿಕೊಂಡರೆ ಆ ಒಂದು ನಿಮಿಷ ಎರಡೇ ಕಿಲೋಮೀಟರಿನಲ್ಲಿ ಕರಗಿಹೋಗುತ್ತದೆ. ಧೂಳು ಜಾಸ್ತಿ ಇದ್ದಾಗ ಅಂತರವನ್ನು ಎರಡು ನಿಮಿಷಕ್ಕೆ ಏರಿಸುವುದು ಇದೇ ಕಾರಣಕ್ಕೆ.

ಮುಂದಿನ ಕಾರು ಸಿಕ್ಕಿತು. ಆದರೆ ಧೂಳಿನಲ್ಲಿ ಏನೂ ಕಾಣುತ್ತಿಲ್ಲ. ಏನು ಮಾಡಬೇಕು?

ಮೊದಲ ಕೆಲಸ, ಹಿಂದೆ ಸರಿಯುವುದು. ಕೇಳಲು ವಿಚಿತ್ರ ಎನಿಸಬಹುದು, ಆದರೆ ಹೊಸಬರು ತಪ್ಪುವುದು ಇಲ್ಲೇ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ದಟ್ಟ ಧೂಳಿನಲ್ಲಿ ಕಣ್ಣಿಗೆ 15 ಮೀಟರ್ ಕಂಡರೆ ಹೆಚ್ಚು. ಅಂದರೆ ಮುಂದಿನವರು ಬ್ರೇಕ್ ಹಾಕಿದ್ದು ಕಾಣುವುದೊಳಗೆ ನೀವು ಅವರ ಡಿಕ್ಕಿಯೊಳಗೆ ಇರುತ್ತೀರಿ.

ಮಲೆನಾಡಿನ ತೋಟದ ರಸ್ತೆಯ ಧೂಳಿಗೆ ಒಂದು ಗುಣವಿದೆ. ಎರಡೂ ಕಡೆ ಕಾಫಿ ಗಿಡ, ಮೇಲೆ ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳು, ಗಾಳಿಗೆ ದಾರಿಯೇ ಇಲ್ಲ. ಎದ್ದ ಧೂಳು ಅಲ್ಲೇ ನಿಂತಿರುತ್ತದೆ; ಬೆಳಗಿನ ತಂಪಿನಲ್ಲಂತೂ ಕದಲುವುದೇ ಇಲ್ಲ. ಅದರೊಳಗೆ ಎಲೆಗಳ ಸಂದಿಯಿಂದ ಬಿಸಿಲಿನ ಕೋಲು ಬಿದ್ದರೆ ಗಾಜಿನ ಮುಂದೆ ಕೆಂಪು ಗೋಡೆ ಎದ್ದ ಹಾಗೆ. ಕಡೂರು, ಅರಸೀಕೆರೆ ಬಯಲಿನಲ್ಲಿ ಹೀಗಲ್ಲ. ಅಲ್ಲಿ ಅಡ್ಡಗಾಳಿ ಧೂಳನ್ನು ಒಂದು ಕಡೆಗೆ ಹೊತ್ತೊಯ್ಯುತ್ತದೆ, ಗಾಳಿ ಬರುವ ಕಡೆಯ ಅಂಚಿನಲ್ಲಿ ರಸ್ತೆ ಕಾಣುತ್ತದೆ. ಬಯಲಿನಲ್ಲಿ ಅಭ್ಯಾಸವಾದವರು ಅದೇ ಧೈರ್ಯದಲ್ಲಿ ತೋಟದೊಳಗೆ ನುಗ್ಗಬಾರದು.

ಕ್ರಮ ಹೀಗಿರಲಿ. ಧೂಳು ಕಂಡ ಕೂಡಲೇ ಕೋ-ಡ್ರೈವರ್ (ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವವರು) ಹೇಳಬೇಕು, "ಮುಂದೆ ಕಾರಿದೆ". ಹೆಡ್‌ಲೈಟು ಮೊದಲೇ ಉರಿಯುತ್ತಿರಬೇಕು. ಐದಾರು ಸೆಕೆಂಡು ಅಂತರ ಇಟ್ಟುಕೊಂಡು ಪೇಸ್ ನೋಟ್ಸ್ (ತಿರುವು, ನೇರಗಳನ್ನು ಮೊದಲೇ ಬರೆದುಕೊಂಡ ಟಿಪ್ಪಣಿ) ನಂಬಿ ಓಡಿಸಿ. ನೋಟ್ಸಿನಲ್ಲಿ ಮುಂದಿನ ನೇರ ರಸ್ತೆ ಎಲ್ಲಿದೆ ಎಂದು ಕೋ-ಡ್ರೈವರ್ ಎರಡು ತಿರುವು ಮೊದಲೇ ತಿಳಿಸಲಿ. ಆ ನೇರಕ್ಕೆ ಬರುವಾಗ ಹತ್ತಿರ ಹೋಗಿ ಹಾರ್ನ್ ಒತ್ತಿ ಹಿಡಿಯಿರಿ, ಡಿಮ್-ಡಿಪ್ ಮಾಡಿ. ಅವರು ಸರಿಯಲಿಲ್ಲ ಎಂದರೆ ಮತ್ತೆ ಹಿಂದೆ ಸರಿದು ಮುಂದಿನ ಜಾಗದಲ್ಲಿ ಪ್ರಯತ್ನಿಸಿ. ಅವರು ಒಂದು ಬದಿಗೆ ಸರಿದು ವೇಗ ಇಳಿಸಿದ್ದು ಕಣ್ಣಾರೆ ಕಂಡ ಮೇಲಷ್ಟೇ ದಾಟಬೇಕು. "ಕೇಳಿಸಿರುತ್ತದೆ, ಸರಿಯುತ್ತಾರೆ" ಎಂದುಕೊಂಡು ಧೂಳಿನೊಳಗೆ ನುಗ್ಗುವುದು ಬೇಡ. ಹೆಲ್ಮೆಟ್ಟು, ಇಂಟರ್‌ಕಾಮ್, ಕೆಳಗೆ ಕಲ್ಲು ಬಡಿಯುವ ಸದ್ದು, ಇವುಗಳ ನಡುವೆ ನಿಮ್ಮ ಹಾರ್ನ್ ಅವರಿಗೆ ಬಹಳ ಸಲ ಕೇಳಿಸಿಯೇ ಇರುವುದಿಲ್ಲ.

ಹಿಂದಿನಿಂದ ಬಂಪರ್ ತಾಗಿಸಿ "ತಿಳಿಸುವ" ಚಾಳಿ ಕೆಲವರಲ್ಲಿದೆ. ಮಣ್ಣಿನಲ್ಲಿ ತಿರುಗುತ್ತಿರುವ ಕಾರಿನ ಹಿಂಭಾಗ ಮೊದಲೇ ಜಾರುತ್ತಿರುತ್ತದೆ. ಅಲ್ಲಿ ಒಂದು ಸಣ್ಣ ತಳ್ಳು ಸಾಕು, ಕಾರು ಅಡ್ಡ ತಿರುಗಿ ಇಳಿಜಾರಿನ ಕಡೆ ಹೋಗುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಹಿಂದೆ ಕಾರು ಬಂದಿದೆ ಎಂದು ನನಗೆ ಗೊತ್ತಾಯಿತು. ಎಲ್ಲಿ, ಹೇಗೆ ಸೈಡು ಕೊಡಲಿ?

ಸಿಕ್ಕಿದ ಜಾಗದಲ್ಲೆಲ್ಲ ಅಲ್ಲ. ನಮ್ಮ ಕಡೆಯ ತೋಟದ ರಸ್ತೆಗೆ ಗುಡ್ಡದ ಬದಿಯಲ್ಲಿ ನೀರು ಹರಿಯುವ ಚರಂಡಿ, ಇನ್ನೊಂದು ಬದಿಯಲ್ಲಿ ಇಳಿಜಾರು. ಚರಂಡಿಯ ಮೇಲೆ ತರಗೆಲೆ ಮುಚ್ಚಿ ಅದು ನೆಲದಂತೆಯೇ ಕಾಣುತ್ತದೆ. ಎಡಚಕ್ರ ಅದರೊಳಗೆ ಇಳಿದರೆ ಚಕ್ರ ಹಿಡಿದಿರುವ ಕೆಳಗಿನ ಆರ್ಮು ಬಾಗಿ ನಿಮ್ಮ ಆಟ ಅಲ್ಲಿಗೇ ಮುಗಿಯಿತು. ಇಳಿಜಾರಿನ ಅಂಚಿನ ಮಣ್ಣಂತೂ ಮಳೆಗಾಲ ಕಳೆದ ಮೇಲೂ ಸಡಿಲವಾಗಿಯೇ ಇರುತ್ತದೆ.

ತೋಟದ ಗೇಟಿನ ಮುಂದಿನ ಅಗಲ, ಕವಲು ರಸ್ತೆಯ ಬಾಯಿ, ಹೇರ್‌ಪಿನ್ ತಿರುವಿನ ಹೊರಬದಿ, ಕಾಫಿ ಒಣಗಿಸುವ ಕಣದ ಪಕ್ಕದ ಸಮತಟ್ಟು, ಇವು ಸೈಡು ಕೊಡಲು ಒಳ್ಳೆಯ ಜಾಗಗಳು. ಇವನ್ನು ರೆಕ್ಕಿಯಲ್ಲೇ (ಸ್ಪರ್ಧೆಗೆ ಮೊದಲು ರಸ್ತೆ ನೋಡಲು ಹೋದಾಗಲೇ) ಗುರುತಿಸಿ ಪೇಸ್ ನೋಟ್ಸಿನ ಅಂಚಿನಲ್ಲಿ "ಜಾಗ" ಎಂದು ಬರೆದುಕೊಳ್ಳಿ. 12 ಕಿ.ಮೀ. ಸ್ಟೇಜಿನಲ್ಲಿ ಇಂಥ ಏಳೆಂಟು ಗುರುತು ಇದ್ದರೆ ಸಾಕು. ನಿಮ್ಮ ಕೋ-ಡ್ರೈವರ್ "ಹಿಂದೆ ಲೈಟು ಕಾಣ್ತಿದೆ, ಮುಂದಿನ ಬಲ ಮೂರು ದಾಟಿದ ಮೇಲೆ ಎಡಕ್ಕೆ ಜಾಗ" ಎಂದು (ಬಲ ಮೂರು ಎಂದರೆ ಬಲ ತಿರುವು, ಅಂಕಿ ಅದರ ಬಿಗಿತ) ಹೇಳುವಂತಿದ್ದರೆ ನೀವು ಕಳೆದುಕೊಳ್ಳುವುದು ಮೂರು ನಾಲ್ಕು ಸೆಕೆಂಡು ಮಾತ್ರ. ಜಾಗ ಗೊತ್ತಿಲ್ಲದೆ ತಡವರಿಸಿದರೆ ಇಪ್ಪತ್ತು ಸೆಕೆಂಡು ಹೋಗುತ್ತದೆ, ಮನಸ್ಸೂ ಕೆಡುತ್ತದೆ.

ಜಾಗಕ್ಕೆ ಬರುವ ಮೊದಲು ಎಡ ಇಂಡಿಕೇಟರ್ ಹಾಕಿ, ನೇರದಲ್ಲಿ ವೇಗ ಇಳಿಸಿ, ಎಡಕ್ಕೆ ಒತ್ತಿ, ಕಾರನ್ನು ನೇರವಾಗಿ ಇಟ್ಟುಕೊಳ್ಳಿ. ಅವರು ದಾಟಿದ ಕೂಡಲೇ ಬೆನ್ನು ಹತ್ತಬೇಡಿ. ಈಗ ಧೂಳು ತಿನ್ನುವ ಸರದಿ ನಿಮ್ಮದು. ಹತ್ತು ಸೆಕೆಂಡು ಸಮಾಧಾನವಾಗಿ ಓಡಿಸಿದರೆ ರಸ್ತೆ ತಿಳಿಯಾಗುತ್ತದೆ.

ತಿರುವಿನ ನಡುವೆ ಒಮ್ಮೆಲೇ ಬ್ರೇಕ್ ಹಾಕಿ ನಿಂತು "ದಾಟಿ" ಎನ್ನುವುದು ಸೌಜನ್ಯವಲ್ಲ. ಹಿಂದಿನವರು ನೀವು ಹೋಗುತ್ತೀರಿ ಎಂದು ನಂಬಿ ಅದೇ ವೇಗದಲ್ಲಿ ಒಳಗೆ ಬಂದಿರುತ್ತಾರೆ. ಈ ಇಡೀ ವಿಷಯದಲ್ಲಿ ಹೇಳಲೇಬೇಕಾದ ಮಾತು ಒಂದಿದ್ದರೆ ಇದೇ: ಮುಂದೆ ಇರುವವರು ಏನು ಮಾಡುತ್ತಾರೆ ಎಂದು ಹಿಂದಿನವರು ಊಹಿಸುವಂತಿರಬೇಕು. ನಿಧಾನವಾಗಿ ಹೋಗುವ ಕಾರಿನಿಂದ ಅಪಾಯ ಕಡಿಮೆ. ಇದ್ದಕ್ಕಿದ್ದಂತೆ ಮನಸ್ಸು ಬದಲಿಸುವ ಕಾರಿನಿಂದ ಅಪಾಯ ಜಾಸ್ತಿ.

ಅವರು ಸೈಡು ಕೊಡಲೇ ಇಲ್ಲ. ಕಳೆದುಹೋದ ಸಮಯ ನನಗೆ ವಾಪಸ್ ಸಿಗುತ್ತದೆಯೇ?

ಸಿಗುತ್ತದೆ ಎಂದು ಲೆಕ್ಕ ಇಟ್ಟುಕೊಂಡು ಓಡಿಸಬೇಡಿ. ಬೇಕೆಂದೇ ಅಡ್ಡಗಟ್ಟಿದರೆ ಅದು ಸ್ಟೂವರ್ಡ್‌ಗಳ (ಸ್ಪರ್ಧೆಯ ತೀರ್ಪುಗಾರರ) ಮುಂದೆ ಹೋಗುವ ತಪ್ಪು, ಶಿಕ್ಷೆಯೂ ಆಗಬಹುದು. ಆದರೆ ಧೂಳಿನಲ್ಲಿ ಹಿಂದಿನ ಕಾರು ನಿಜವಾಗಿಯೂ ಕಾಣಲಿಲ್ಲವೇ, ಕಂಡೂ ಬಿಡಲಿಲ್ಲವೇ ಎಂದು ಸಾಬೀತು ಮಾಡುವುದು ಕಷ್ಟ. ಕಾರಿನೊಳಗಿನ ಕ್ಯಾಮೆರಾ ಇದ್ದರೆ ಅದರಲ್ಲಿ ನಿಮ್ಮ ಹಾರ್ನ್ ಸದ್ದು, ಎಷ್ಟು ದೂರ ಹಿಂದೆ ಇದ್ದಿರಿ, ಎಲ್ಲೆಲ್ಲಿ ಜಾಗ ಇತ್ತು, ಎಲ್ಲ ದಾಖಲಾಗಿರುತ್ತದೆ. ಕೆಲವು ದೊಡ್ಡ ರ‍್ಯಾಲಿಗಳಲ್ಲಿ ಕಾರಿನೊಳಗಿನ ಟ್ರ್ಯಾಕರ್ ಪೆಟ್ಟಿಗೆಯಲ್ಲೇ ಗುಂಡಿ ಇರುತ್ತದೆ. ಹಿಂದಿನವರು ಒತ್ತಿದರೆ ಮುಂದಿನ ಕಾರಿನ ಪರದೆಯಲ್ಲಿ ಸೂಚನೆ ಬರುತ್ತದೆ. ಅದಿದ್ದಲ್ಲಿ "ಕಾಣಲಿಲ್ಲ" ಎನ್ನುವ ಮಾತಿಗೆ ಬೆಲೆ ಇಲ್ಲ.

ಸ್ಟೇಜಿನಲ್ಲಿ ಮಗುಚಿದ ಕಾರು ಕಂಡರೆ? ನನ್ನ ಟೈಮು ಹೋಗುತ್ತದಲ್ಲ?

ಹೋಗಲಿ. ಕೆಂಪು ಎಸ್‌ಒಎಸ್ ಫಲಕ ತೋರಿಸುತ್ತಿದ್ದರೆ, ಅಥವಾ ಜೋರಾಗಿ ಜಖಂ ಆದ ಕಾರಿನೊಳಗೆ ಇಬ್ಬರೂ ಕುಳಿತೇ ಇದ್ದು ಯಾವ ಫಲಕವೂ ಕಾಣದಿದ್ದರೆ, ನೀವು ನಿಲ್ಲಿಸಲೇಬೇಕು. ಇದರಲ್ಲಿ ವಿನಾಯಿತಿ ಇಲ್ಲ. ಮೊದಲು ಬಂದ ಕಾರಿನವರು ಅಲ್ಲೇ ಇದ್ದು ಸಹಾಯ ಮಾಡುತ್ತಾರೆ. ಎರಡನೆಯ ಕಾರು ಮುಂದಿನ ರೇಡಿಯೋ ಪಾಯಿಂಟಿಗೆ (ರೇಡಿಯೋ ಇಟ್ಟುಕೊಂಡು ಅಧಿಕಾರಿಗಳು ನಿಂತಿರುವ ಜಾಗಕ್ಕೆ) ಹೋಗಿ ಕಾರಿನ ನಂಬರು, ಜಾಗ, ಗಾಯವಾಗಿದೆಯೇ ಎಂದು ತಿಳಿಸುತ್ತದೆ. ತೋಟದ ಒಳಗೆ ಫೋನ್ ನೆಟ್‌ವರ್ಕ್ ನಂಬಿಕೊಂಡು ಕೂರುವಂತಿಲ್ಲ. ರೇಡಿಯೋ ಪಾಯಿಂಟೇ ಗತಿ. ನಂತರ ಬಂದವರು ಆಂಬ್ಯುಲೆನ್ಸ್ ಬರಲು ದಾರಿ ಬಿಟ್ಟು ನಿಲ್ಲಬೇಕು. ಹೀಗೆ ನಿಂತವರಿಗೆ ಆ ಸ್ಟೇಜಿಗೆ ನ್ಯಾಯವಾದ ಸಮಯವನ್ನು ಅಧಿಕಾರಿಗಳು ಲೆಕ್ಕ ಹಾಕಿ ಕೊಡುತ್ತಾರೆ.

ಓಕೆ ಫಲಕ ತೋರಿಸಿದರೆ ನಿಲ್ಲುವ ಅಗತ್ಯವಿಲ್ಲ. ಫಲಕ ನೋಡಿದೆ ಎಂದು ಕೈ ಎತ್ತಿ ತೋರಿಸಿ ಮುಂದೆ ಹೋಗಿ.

ಕಾರು ನಿಮ್ಮದೇ ನಿಂತಿದ್ದರೆ ಕೆಂಪು ತ್ರಿಕೋನವನ್ನು ಕಾರಿಗಿಂತ ಕನಿಷ್ಠ 50 ಮೀಟರ್ ಹಿಂದೆ, ಕಾರು ಇರುವ ಬದಿಯಲ್ಲೇ ಇಡಬೇಕು. ಕಾರು ರಸ್ತೆಯಿಂದ ಪೂರ್ತಿ ಹೊರಗೆ ಬಿದ್ದಿದ್ದರೂ ಇಡಬೇಕು. 50 ಎಂಬುದು ಕನಿಷ್ಠ. ಸಡಿಲ ಮಣ್ಣಿನಲ್ಲಿ 80 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 50 ಮೀಟರ್ ಬೇಕು. ಅದರ ಮೇಲೆ ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ 20 ಮೀಟರ್ ಹೋಗಿರುತ್ತದೆ. ಆದ್ದರಿಂದ ತಿರುವು ದಾಟಿ ನಿಂತಿದ್ದರೆ ತ್ರಿಕೋನ ತಿರುವಿಗೂ ಮೊದಲು ಇರಲಿ. ಮೀಟರ್ ಲೆಕ್ಕ ಗೊಂದಲವಾದರೆ ಎಪ್ಪತ್ತು ದೊಡ್ಡ ಹೆಜ್ಜೆ ಎಣಿಸಿ. ತ್ರಿಕೋನ ಇಡಲು ಹೋಗುವವರು ರಸ್ತೆಯಲ್ಲಿ ನಡೆಯಬಾರದು, ಗಿಡಗಳ ಒಳಗಿನಿಂದ ಹೋಗಬೇಕು.

ಸ್ಟೇಜು ಮುಗಿದ ಕೂಡಲೇ ನಿಲ್ಲಬಹುದೇ?

ಬೇಡ. ಫಿನಿಷ್ ಗೆರೆ ದಾಟಿ ಸ್ಟಾಪ್ ಫಲಕದವರೆಗೆ ಎಲ್ಲೂ ನಿಲ್ಲುವಂತಿಲ್ಲ. ನಿಮ್ಮ ಹಿಂದಿನವರು ಅದೇ ಗೆರೆಯನ್ನು ಪೂರ್ತಿ ವೇಗದಲ್ಲಿ ದಾಟುತ್ತಾರೆ.

ಆಟೋಕ್ರಾಸ್‌ನಲ್ಲಿ ಈ ಚಿಂತೆ ಇಲ್ಲ ಅಲ್ಲವೇ?

ಬಹುಮಟ್ಟಿಗೆ ಇಲ್ಲ. ಆಟೋಕ್ರಾಸ್ ಎಂದರೆ ಮೈದಾನದಲ್ಲಿ ಗುರುತು ಹಾಕಿದ ಚಿಕ್ಕ ದಾರಿಯ ಓಟ. ಒಂದು ಸಲಕ್ಕೆ ಒಂದು ಕಾರು, ಅಥವಾ ಎದುರು ಬದುರು ಮೂಲೆಯಿಂದ ಎರಡು ಕಾರು. ಆದರೂ ಮುಂದಿನ ಕಾರು ಸುತ್ತಿ (ಜಾರಿ ಗಿರಕಿ ಹೊಡೆದು) ನಿಂತರೆ ಮಾರ್ಷಲ್ ಕೆಂಪು ಬಾವುಟ ತೋರಿಸುತ್ತಾರೆ. ನಿಲ್ಲಿಸಿ, ನಿಮಗೆ ಮರು ಓಟ ಕೊಡುತ್ತಾರೆ. ಬಾವುಟ ಕಂಡೂ ಓಡಿಸಿ ಟೈಮು ಮಾಡಿಕೊಂಡರೆ ಆ ಟೈಮಿಗೆ ಲೆಕ್ಕವಿಲ್ಲ.

ಟ್ರ್ಯಾಕ್ ಡೇಗೆ ಹೋಗುತ್ತಿದ್ದೇನೆ. ಅಲ್ಲಿ ಸೈಡು ಕೊಡುವ ರೀತಿ ಬೇರೆಯೇ?

ಬೇರೆ. ನಮ್ಮ ಕಡೆಯವರು ಸಾಮಾನ್ಯವಾಗಿ ಹೋಗುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಅದು 2.1 ಕಿ.ಮೀ. ಉದ್ದ, ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ, ಅದು 3.7 ಕಿ.ಮೀ. ಟ್ರ್ಯಾಕ್ ಡೇ ಸ್ಪರ್ಧೆಯಲ್ಲ, ಟ್ರ್ಯಾಕಿನಲ್ಲಿ ಅಭ್ಯಾಸಕ್ಕೆ ಓಡಿಸುವ ದಿನ. ಅಲ್ಲಿ ಮುಂದಿನವರು ಸನ್ನೆ ಮಾಡದೆ ಯಾರೂ ದಾಟುವಂತಿಲ್ಲ, ಅದೂ ಗೊತ್ತುಪಡಿಸಿದ ನೇರಗಳಲ್ಲಿ ಮಾತ್ರ.

ನಿಮ್ಮ ಹಿಂದೆ ವೇಗದ ಕಾರು ಬಂದರೆ ತಿರುವಿನಲ್ಲಿ ಏನೂ ಬದಲಿಸಬೇಡಿ, ನಿಮ್ಮ ಲೈನಿನಲ್ಲೇ (ನೀವು ಹಿಡಿದ ಜಾಡಿನಲ್ಲೇ) ತಿರುಗಿ. ನೇರಕ್ಕೆ ಬಂದು ಸ್ಟೀರಿಂಗ್ ನೆಟ್ಟಗಾದ ಮೇಲೆ ಕಿಟಕಿಯಿಂದ ಕೈ ತೋರಿಸಿ. ನಮ್ಮ ಕಾರುಗಳಲ್ಲಿ ಡ್ರೈವರ್ ಬಲಗಡೆ ಇರುವುದರಿಂದ ಕೈಯನ್ನು ಬಲಕ್ಕೆ ನೇರ ಚಾಚಿದರೆ "ಬಲದಿಂದ ದಾಟಿ", ಮೊಣಕೈ ಮಡಚಿ ಛಾವಣಿಯ ಮೇಲಿಂದ ಎಡಕ್ಕೆ ತೋರಿಸಿದರೆ "ಎಡದಿಂದ ದಾಟಿ". ಒಂದು ಸನ್ನೆಗೆ ಒಂದೇ ಕಾರು. ಹಿಂದೆ ಮೂರು ಕಾರಿದ್ದರೆ ಮೂರು ಸಲ ತೋರಿಸಬೇಕು. ಸನ್ನೆ ಮಾಡಿದ ಮೇಲೆ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ, ಬ್ರೇಕ್ ಮುಟ್ಟಬೇಡಿ. ಕೈ ತೋರಿಸಿ ಮತ್ತೆ ಪೂರ್ತಿ ಒತ್ತುವವರು ಬಹಳ. ಆಗ ಹಿಂದಿನವರು ಪಕ್ಕಕ್ಕೆ ಬಂದು, ದಾಟಲೂ ಆಗದೆ ಹಿಂದೆ ಸರಿಯಲೂ ಆಗದೆ ಬ್ರೇಕ್ ಹಾಕುವ ಜಾಗಕ್ಕೆ ಇಬ್ಬರೂ ಒಟ್ಟಿಗೆ ಬಂದು ಬೀಳುತ್ತಾರೆ.

ಇಂಡಿಕೇಟರ್ ಬಗ್ಗೆ ಒಂದು ಎಚ್ಚರಿಕೆ. ಶಿರಾಡಿ ಘಾಟಿಯಲ್ಲಿ ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ ಬಹಳ ಸಲ "ದಾಟಿ ಹೋಗಿ" ಎಂದರ್ಥ. ರ‍್ಯಾಲಿಯಲ್ಲಿ ಎಡ ಇಂಡಿಕೇಟರ್ ಎಂದರೆ "ನಾನು ಎಡಕ್ಕೆ ಸರಿಯುತ್ತಿದ್ದೇನೆ". ಟ್ರ್ಯಾಕ್ ಡೇಗಳಲ್ಲಿ ಕೆಲವು ಕಡೆ ಮೊದಲ ಅರ್ಥ, ಕೆಲವು ಕಡೆ ಎರಡನೆಯದು. ಬೆಳಗಿನ ಡ್ರೈವರ್ ಬ್ರೀಫಿಂಗ್‌ನಲ್ಲಿ ಇದನ್ನು ಎದ್ದು ನಿಂತು ಕೇಳಿ. ನಾಚಿಕೆ ಬೇಡ; ಅಲ್ಲಿ ಕುಳಿತ ಅರ್ಧ ಜನಕ್ಕೆ ಅದೇ ಸಂದೇಹ ಇರುತ್ತದೆ.

ರೇಸಿನಲ್ಲಿ ಇಬ್ಬರು ಒಟ್ಟಿಗೆ ತಿರುವಿಗೆ ಬಂದರೆ ತಿರುವು ಯಾರದ್ದು?

ಹೆಚ್ಚು ಜಗಳ ಆಗುವುದು ಇದರ ಬಗ್ಗೆಯೇ.

ದಾಟುವವರ ಮೇಲೆ ಹೆಚ್ಚಿನ ಹೊಣೆ. ಮುಂದಿನವರಿಗೆ ಕಾಣುವಂತೆ ಪಕ್ಕಕ್ಕೆ ಬರುವುದು ಅವರ ಕೆಲಸ. ಕ್ಲಬ್ ರೇಸುಗಳಲ್ಲಿ ಸಾಮಾನ್ಯವಾಗಿ ನೋಡುವುದು ಸ್ಟೀರಿಂಗ್ ತಿರುಗಿಸುವ ಬಿಂದುವಿನಲ್ಲಿ ನಿಮ್ಮ ಮುಂದಿನ ಚಕ್ರ ಎಲ್ಲಿದೆ ಎಂದು. ಅದು ಮುಂದಿನವರ ಬಾಗಿಲಿನ ಪಕ್ಕಕ್ಕೆ ಬಂದಿದ್ದರೆ ಅವರಿಗೆ ನೀವು ಕಾಣುತ್ತೀರಿ, ಅವರು ಒಂದು ಕಾರಿನಷ್ಟು ಜಾಗ ಬಿಡಬೇಕು. ನಿಮ್ಮ ಮುಂದಿನ ಚಕ್ರ ಇನ್ನೂ ಅವರ ಹಿಂದಿನ ಚಕ್ರದ ಹತ್ತಿರವೇ ಇದ್ದರೆ ತಿರುವು ಅವರದ್ದು, ನೀವು ಬಿಡಬೇಕು. ಅಳತೆ ಬಾಗಿಲೇ, ಕನ್ನಡಿಯೇ ಎಂಬುದು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ, ಬ್ರೀಫಿಂಗ್‌ನಲ್ಲಿ ಹೇಳುತ್ತಾರೆ.

ಕೊನೆ ಕ್ಷಣದಲ್ಲಿ ಒಳಗಿನಿಂದ ನುಗ್ಗುವವರು ಯಾಕೆ ಯಾವಾಗಲೂ ಹೊರಗೆ ಜಾರಿ ಇನ್ನೊಬ್ಬರಿಗೆ ಬಡಿಯುತ್ತಾರೆ? 140 ಕಿ.ಮೀ. ವೇಗದಲ್ಲಿ ಬಂದು ಸಾಮಾನ್ಯ ಲೈನಿನಲ್ಲಿ 60ಕ್ಕೆ ಇಳಿಯಬೇಕಾದ ತಿರುವು ಎಂದುಕೊಳ್ಳಿ. ಒಣ ಡಾಂಬರಿನಲ್ಲಿ ಒಳ್ಳೆಯ ಟೈರಿಗೆ ಸುಮಾರು 70 ಮೀಟರ್ ಬ್ರೇಕು ಬೇಕು. ಒಳಗಿನ ಲೈನು ಹೆಚ್ಚು ಬಿಗಿ. ಅಲ್ಲಿ 50ಕ್ಕೆ ಇಳಿಯದಿದ್ದರೆ ಕಾರು ತಿರುಗುವುದಿಲ್ಲ. ಅದಕ್ಕೆ 75 ಮೀಟರ್ ಬೇಕು. ಅಂದರೆ ಒಳಗಿನಿಂದ ದಾಟುವವರು ಐದು ಮೀಟರ್ ಮೊದಲೇ ಬ್ರೇಕ್ ಹಾಕಬೇಕು. ಅವರು ಮಾಡುವುದು ಇದಕ್ಕೆ ತದ್ವಿರುದ್ಧ: ದಾಟುವ ಆತುರದಲ್ಲಿ ಹತ್ತು ಮೀಟರ್ ತಡವಾಗಿ ಹಾಕುತ್ತಾರೆ. ಜೊತೆಗೆ ಒಳಬದಿಯಲ್ಲಿ ಟೈರಿನ ಪುಡಿ, ಮರಳು ಬಿದ್ದಿರುತ್ತದೆ, ಹಿಡಿತ ಕಡಿಮೆ. ಮುಂದಿನ ಚಕ್ರ ಲಾಕ್ ಆಗಿ ಕಾರು ನೇರ ಹೋಗುತ್ತದೆ, ಹೊರಗಿದ್ದವರ ಬಾಗಿಲು ಹೋಗುತ್ತದೆ.

ಹಾಗಾದರೆ ದಾಟುವುದು ಹೇಗೆ? ಹಿಂದಿನ ತಿರುವಿನಿಂದಲೇ ಶುರು ಮಾಡಬೇಕು. ಅಲ್ಲಿ ಸ್ವಲ್ಪ ಅಂತರ ಬಿಟ್ಟು, ನಿಧಾನವಾಗಿ ಒಳಹೋಗಿ, ಬೇಗ ಆಕ್ಸಿಲರೇಟರ್ ಒತ್ತಿ ಹೊರಬನ್ನಿ. ನೇರದ ಅರ್ಧದಲ್ಲೇ ಪಕ್ಕಕ್ಕೆ ಬಂದಿರುತ್ತೀರಿ. ಬ್ರೇಕಿಗೆ ಬರುವ ಹೊತ್ತಿಗೆ ನೀವಿದ್ದೀರಿ ಎಂದು ಅವರಿಗೆ ಗೊತ್ತಾಗಿರುತ್ತದೆ, ಗಲಾಟೆಗೆ ಎಡೆಯೇ ಇಲ್ಲ. ಬಂಪರಿಗೆ ಬಂಪರ್ ಅಂಟಿಸಿಕೊಂಡು ತಿರುವು ದಾಟುವವರು, ಮುಂದಿನವರು ಆಕ್ಸಿಲರೇಟರ್ ಬಿಟ್ಟಾಗ ಬಿಡುತ್ತಾರೆ, ಒತ್ತಿದಾಗ ಒತ್ತುತ್ತಾರೆ. ನೇರದಲ್ಲಿ ಇಂಥವರಿಗೆ ಹೆಚ್ಚಿನ ವೇಗ ಸಿಗುವುದೇ ಇಲ್ಲ.

ನನ್ನ ಸ್ಥಾನ ಕಾಪಾಡಿಕೊಳ್ಳಲು ಅಡ್ಡ ಬರಬಹುದೇ?

ಒಂದು ಸಲ. ನೇರದಲ್ಲಿ ನೀವು ಒಂದು ಕಡೆಗೆ ಸರಿದು ಒಳಬದಿ ಮುಚ್ಚಬಹುದು. ಮತ್ತೆ ಇನ್ನೊಂದು ಕಡೆಗೆ ಬರುವಂತಿಲ್ಲ. ತಿರುವಿಗೆ ಮೊದಲು ರೇಸಿಂಗ್ ಲೈನಿಗೆ ವಾಪಸ್ ಬರುವುದಾದರೆ ನಿಮ್ಮ ಕಾರಿಗೂ ಟ್ರ್ಯಾಕಿನ ಅಂಚಿಗೂ ನಡುವೆ ಒಂದು ಕಾರಿನಷ್ಟು ಜಾಗ ಬಿಡಬೇಕು. ಇದು ಅಂತರರಾಷ್ಟ್ರೀಯ ನಿಯಮಾವಳಿಯಲ್ಲೇ ಇರುವ ಮಾತು. ಹಿಂದಿನವರು ಬಲಕ್ಕೆ ಬಂದರೆ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ ಹೋಗುವುದು ಆಟವಲ್ಲ. ಬ್ರೇಕ್ ಹಾಕಿದ ಮೇಲೆ ದಿಕ್ಕು ಬದಲಿಸುವುದು ಎಲ್ಲಕ್ಕಿಂತ ಅಪಾಯ. ಆಗ ಹಿಂದಿನವರಿಗೆ ತಪ್ಪಿಸಿಕೊಳ್ಳಲು ಟೈರಿನಲ್ಲಿ ಹಿಡಿತವೇ ಉಳಿದಿರುವುದಿಲ್ಲ.

ನೀಲಿ ಬಾವುಟ ತೋರಿಸಿದರು. ತಕ್ಷಣ ಟ್ರ್ಯಾಕಿನಿಂದ ಹೊರಗೆ ಹೋಗಬೇಕೇ?

ಬೇಡ. ರೇಸಿನಲ್ಲಿ ನೀಲಿ ಬಾವುಟ ಎಂದರೆ ನಿಮ್ಮನ್ನು ಒಂದು ಸುತ್ತು ಹಿಂದೆ ಹಾಕುವ ಕಾರು ಬಂದಿದೆ, ಮೊದಲ ಅವಕಾಶದಲ್ಲಿ ಬಿಡಿ ಎಂದು. ನಿಮ್ಮದು 80 ಸೆಕೆಂಡಿನ ಸುತ್ತು, ಮೊದಲ ಸ್ಥಾನದಲ್ಲಿರುವವರದು 75 ಸೆಕೆಂಡು ಎಂದರೆ ಅವರ 16ನೇ ಸುತ್ತಿನ ಕೊನೆಗೆ ಇದು ಆಗಲೇಬೇಕು. ಅದರಲ್ಲಿ ಅವಮಾನ ಏನೂ ಇಲ್ಲ. ಲೈನಿನಲ್ಲೇ ಇರಿ, ಮುಂದಿನ ನೇರದಲ್ಲಿ ಅವರು ಬರುವ ಬದಿ ಖಾಲಿ ಬಿಟ್ಟು ಸ್ವಲ್ಪ ಕಾಲು ಎತ್ತಿ. ಗಾಬರಿಯಾಗಿ ಲೈನು ಬಿಟ್ಟು ಕೊಳಕು ಬದಿಗೆ ಹೋದರೆ ನೀವೇ ಸುತ್ತಿ ಅವರಿಗೇ ಅಡ್ಡ ಬರುತ್ತೀರಿ. ನಿಮ್ಮ ಜೊತೆ ಸ್ಥಾನಕ್ಕಾಗಿ ಹೋರಾಡುತ್ತಿರುವವರಿಗೆ ಈ ಬಾವುಟದ ಹಕ್ಕಿಲ್ಲ.

ಬೇರೆ ಬಾವುಟಗಳು?

ಹಳದಿ ಬೀಸಿದರೆ ವೇಗ ಇಳಿಸಿ, ಹಸಿರು ಕಾಣುವವರೆಗೆ ದಾಟುವಂತಿಲ್ಲ. ಎರಡು ಹಳದಿ ಎಂದರೆ ನಿಲ್ಲಲು ಸಿದ್ಧರಿರಿ, ಟ್ರ್ಯಾಕಿನ ಮೇಲೇ ಏನೋ ಇದೆ. ಹಳದಿ-ಕೆಂಪು ಪಟ್ಟೆ ಎಂದರೆ ಎಣ್ಣೆಯೋ ನೀರೋ ಬಿದ್ದು ಜಾರುತ್ತಿದೆ. ಬಿಳಿ ಎಂದರೆ ಮುಂದೆ ನಿಧಾನದ ವಾಹನ. ಕೆಂಪು ಎಂದರೆ ರೇಸು ನಿಂತಿದೆ. ಕಪ್ಪಿನ ನಡುವೆ ಕಿತ್ತಳೆ ಚುಕ್ಕೆ ಜೊತೆಗೆ ನಿಮ್ಮ ನಂಬರು ಕಂಡರೆ ನಿಮ್ಮ ಕಾರಿನಿಂದ ಏನೋ ಸೋರುತ್ತಿದೆ ಅಥವಾ ಕಳಚುತ್ತಿದೆ, ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ಕಾರು ರಿಪೇರಿ ಮಾಡುವ ಜಾಗಕ್ಕೆ) ಬನ್ನಿ. ಕರ್ಣವಾಗಿ ಅರ್ಧ ಕಪ್ಪು ಅರ್ಧ ಬಿಳಿ ಇರುವುದು ಕ್ರೀಡಾ ಮನೋಭಾವ ತಪ್ಪಿದ್ದಕ್ಕೆ ಎಚ್ಚರಿಕೆ. ಅದೂ ಸಾಲದಿದ್ದರೆ ಕಪ್ಪು ಬರುತ್ತದೆ, ಆಗ ಪಿಟ್ಟಿಗೆ ಹೋಗಿ ಉತ್ತರ ಕೊಡಬೇಕು.

ತಾಗಿಬಿಟ್ಟಿತು. ಅವರು ಸುತ್ತಿದರು, ನಾನು ಮುಂದೆ ಬಂದೆ. ಈಗ?

ತಪ್ಪು ನಿಮ್ಮದೆಂದು ಮನಸ್ಸಿಗೆ ಗೊತ್ತಿದ್ದರೆ ಸ್ಥಾನ ವಾಪಸ್ ಕೊಡಿ. ಸುರಕ್ಷಿತ ನೇರದಲ್ಲಿ ನಿಧಾನಿಸಿ, ಅವರನ್ನು ಮುಂದೆ ಬಿಟ್ಟು ಮತ್ತೆ ಹೋರಾಡಿ. ಆ ಸುತ್ತಿನೊಳಗೇ ಕೊಟ್ಟರೆ ಸ್ಟೂವರ್ಡ್‌ಗಳು ಅದನ್ನು ಗಮನಿಸುತ್ತಾರೆ. ಅವರು ಸುತ್ತಿ ನಿಂತೇ ಬಿಟ್ಟಿದ್ದರೆ ಕಾಯುತ್ತಾ ಟ್ರ್ಯಾಕಿನಲ್ಲಿ ನಿಲ್ಲಬೇಡಿ. ಅದು ಇನ್ನೊಂದು ಅಪಘಾತಕ್ಕೆ ದಾರಿ.

ರೇಸು ಮುಗಿದ ಮೇಲೆ ಹೆಲ್ಮೆಟ್ ತೆಗೆದು, ನೀರು ಕುಡಿದು, ಹತ್ತು ನಿಮಿಷ ಬಿಟ್ಟು ಅವರ ಹತ್ತಿರ ಹೋಗಿ. ಒಬ್ಬರೇ ಹೋಗಿ. ಸ್ನೇಹಿತರ ದಂಡು, ಮೆಕ್ಯಾನಿಕ್ಕು, ಅಣ್ಣ ತಮ್ಮ ಎಲ್ಲ ಬಂದರೆ ಕ್ಷಮೆ ಕೇಳಲು ಬಂದದ್ದೂ ಜಗಳದಂತೆ ಕಾಣುತ್ತದೆ. "ಅಣ್ಣಾ, ಬ್ರೇಕ್ ತಡ ಆಯ್ತು, ತಪ್ಪು ನಂದು" ಎಂದರೆ ಸಾಕು, ಉದ್ದ ವಿವರಣೆ ಬೇಡ. ಜಖಂ ಖರ್ಚನ್ನು ಸಾಮಾನ್ಯವಾಗಿ ಅವರವರೇ ನೋಡಿಕೊಳ್ಳುತ್ತಾರೆ. ಆದರೂ ಅವರಿಗೆ ಮುಂದಿನ ರೇಸಿಗೆ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಬೇಕಿದ್ದು ನಿಮ್ಮ ಪೆಟ್ಟಿಗೆಯಲ್ಲಿ ಒಂದು ಬಿಡಿ ಇದ್ದರೆ ಕೊಡಿ. ಮಲೆನಾಡಿನಲ್ಲಿ ನಾಳೆ ನಿಮ್ಮ ಕಾರು ಚರಂಡಿಯಿಂದ ಎಳೆಯಲು ಹಗ್ಗ ತರುವವರೂ ಅವರೇ.

ನನಗೆ ಅನ್ಯಾಯ ಆಗಿದೆ. ದೂರು ಕೊಡುವುದು ಕ್ರೀಡಾ ಮನೋಭಾವಕ್ಕೆ ವಿರುದ್ಧವೇ?

ಅಲ್ಲ. ನಿಯಮದಲ್ಲೇ ಅದಕ್ಕೆ ದಾರಿ ಇದೆ. ದೂರು ಬರಹದಲ್ಲಿರಬೇಕು, ಯಾವ ನಿಯಮ ಮುರಿದಿದೆ ಎಂದು ಹೇಳಬೇಕು, ನಿಗದಿತ ಶುಲ್ಕ ಜೊತೆಗಿರಬೇಕು. ಫಲಿತಾಂಶದ ಬಗ್ಗೆಯಾದರೆ ಫಲಿತಾಂಶ ಪ್ರಕಟಿಸಿದ 30 ನಿಮಿಷದೊಳಗೆ ಸ್ಪರ್ಧೆ ನಡೆಸುವ ಮುಖ್ಯ ಅಧಿಕಾರಿಯಾದ ಕ್ಲರ್ಕ್ ಆಫ್ ದಿ ಕೋರ್ಸ್‌ಗೆ ಕೊಡಬೇಕು. ದೂರು ನಿಜವೆಂದು ತೀರ್ಮಾನವಾದರೆ ಶುಲ್ಕ ವಾಪಸ್. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಡಿಯೋ ತುಣುಕು ಹಾಕಿ ನ್ಯಾಯ ಕೇಳುವುದು ಮಾತ್ರ ಸರಿಯಲ್ಲ. ಹನ್ನೆರಡು ಸೆಕೆಂಡಿನ ತುಣುಕಿನಲ್ಲಿ ಹಿಂದಿನ ತಿರುವಿನಲ್ಲಿ ಏನಾಯಿತು ಎಂಬುದು ಇರುವುದಿಲ್ಲ.

ಸೈಡು ಕೊಡಲು, ಪಡೆಯಲು ಕಾರಿನಲ್ಲಿ ಏನೇನು ಸರಿ ಇರಬೇಕು?

ಎರಡೂ ಬದಿ ಕನ್ನಡಿ. ಹಾರ್ನೆಸ್ ಬಿಗಿದು ಕೂತ ಮೇಲೆ ಕನ್ನಡಿ ಸರಿ ಮಾಡಿ, ಅದಕ್ಕೂ ಮೊದಲಲ್ಲ. ಬೆಲ್ಟ್ ಬಿಗಿದರೆ ತಲೆ ಎರಡು ಮೂರು ಅಂಗುಲ ಹಿಂದೆ ಹೋಗುತ್ತದೆ, ಕನ್ನಡಿಯಲ್ಲಿ ನಿಮ್ಮದೇ ಬಾಗಿಲು ಕಾಣುತ್ತದೆ. ಒಳಗಿನ ಕನ್ನಡಿಗೆ ರೋಲ್ ಕೇಜಿನ (ಕಾರೊಳಗಿನ ರಕ್ಷಣಾ ಪಂಜರದ) ಅಡ್ಡಪಟ್ಟಿ ಮರೆಯಾದರೆ ಕನ್ನಡಿ ಜಾಗ ಬದಲಿಸಿ. ಹಾರ್ನ್ ಸ್ವಿಚ್ಚನ್ನು ಕೋ-ಡ್ರೈವರ್‌ನ ಕಾಲಿನ ಹತ್ತಿರವೂ ಒಂದು ಹಾಕಿಸಿ. ಡ್ರೈವರ್ ಎರಡೂ ಕೈ ಸ್ಟೀರಿಂಗ್ ಮೇಲೇ ಇರಬೇಕಾದ ಹೊತ್ತಿನಲ್ಲಿ ಹಾರ್ನ್ ಒತ್ತುವುದು ಕೋ-ಡ್ರೈವರ್ ಕೆಲಸ. ಹಾರ್ನ್ ಬಾಯಿ ಮುಂದಕ್ಕೆ, ಸ್ವಲ್ಪ ಕೆಳಮುಖವಾಗಿ ಇರಲಿ, ಕೆಸರು ತುಂಬಿದರೆ ಸದ್ದು ಸಾಯುತ್ತದೆ. ಹಿಂದಿನ ದೀಪ ಧೂಳಿನಲ್ಲಿ ಸದಾ ಉರಿಯುತ್ತಿರಲಿ, ಪ್ರತಿ ಸರ್ವಿಸ್‌ನಲ್ಲೂ ಹಸಿ ಬಟ್ಟೆಯಿಂದ ಒರೆಸಿ. ಮಡ್‌ಫ್ಲ್ಯಾಪ್ ನಾಲ್ಕೂ ಇರಲಿ. ಹಿಂದಿನವರ ಗಾಜಿಗೆ ಕಲ್ಲು ಹಾರದಂತೆ ನೋಡಿಕೊಳ್ಳುವುದೂ ಮರ್ಯಾದೆಯೇ.

ಚಾರ್ಮಾಡಿಯಲ್ಲೋ ಮುಳ್ಳಯ್ಯನಗಿರಿ ರಸ್ತೆಯಲ್ಲೋ ಬೆಳಗಿನ ಜಾವ ಅಭ್ಯಾಸ ಮಾಡಿದರೆ?

ಮಾಡಬಾರದು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ನಡೆಸುವುದು ಮೋಟಾರು ವಾಹನ ಕಾಯ್ದೆ 1988ರ 189ನೇ ಕಲಂ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 1 ವರ್ಷದವರೆಗೆ, 10,000 ರೂಪಾಯಿವರೆಗೆ. ದಂಡ ಬದಿಗಿರಲಿ, ಎದುರಿಗೆ ಹಾಲಿನ ಗಾಡಿ ಬರುವ ರಸ್ತೆಯಲ್ಲಿ ಕಲಿತ ಓವರ್‌ಟೇಕ್ ಟ್ರ್ಯಾಕಿನಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ರೆಕ್ಕಿಯಲ್ಲಿ ತೋಟದವರ ಜೊತೆ ಹೇಗೆ ನಡೆದುಕೊಳ್ಳಬೇಕು?

ಎಸ್‌ಆರ್‌ನಲ್ಲಿ ಬರೆದ ವೇಗ ಮಿತಿ, ಬರೆದಷ್ಟೇ ಸುತ್ತು. ಕೂಲಿಯವರ ಲೈನು ಮನೆಗಳ ಮುಂದೆ ಇನ್ನೂ ನಿಧಾನ. ಮಕ್ಕಳು, ಕೋಳಿ, ಒಣ ಹಾಕಿದ ಬಟ್ಟೆ ಎಲ್ಲ ರಸ್ತೆಯಂಚಿನಲ್ಲೇ ಇರುತ್ತವೆ. ಏರು ರಸ್ತೆಯಲ್ಲಿ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಕೊಡಬೇಕು. ಕೂಲಿಯವರನ್ನು ತುಂಬಿಕೊಂಡ ಪಿಕಪ್ ಬಂದರಂತೂ ನೀವೇ ರಿವರ್ಸ್ ತೆಗೆಯಿರಿ. ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು. ಕಣದಲ್ಲಿ ಹರಡಿದ ಕಾಫಿಯ ಮೇಲೆ ನಿಮ್ಮ ಧೂಳು ಕೂತರೆ ಅದನ್ನು ಕೆದಕಿ ಆರಿಸುವ ಕೆಲಸ ಬೇರೆಯವರ ತಲೆಗೆ ಬರುತ್ತದೆ. ಕಣ ಕಂಡ ಕೂಡಲೇ ಎರಡನೇ ಗೇರು ಹಾಕಿ, ದಾಟುವವರೆಗೆ ಧೂಳೇಳದಷ್ಟು ವೇಗದಲ್ಲಿ ಹೋಗಿ. ಗೇಟು ಮುಚ್ಚಿದ್ದರೆ ತೆಗೆದು, ದಾಟಿ, ಮತ್ತೆ ಮುಚ್ಚಿ ಚಿಲಕ ಹಾಕಿ ಹೊರಡಿ. ಇಲ್ಲದಿದ್ದರೆ ದನ ಒಳಗೆ ನುಗ್ಗುತ್ತವೆ.